ಸೋಲಿಗರ ಗೊರುಕನ ಮತ್ತು ಕ್ಯಾತದೇವರ ಗುಡಿ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿರುವ ಕ್ಯಾತದೇವರ ಗುಡಿ, ಪ್ರವಾಸಿಗರ ಬಾಯಲ್ಲಿ 'ಕೆ. ಗುಡಿ'. ಮೈಸೂರು ಅರಸರು ಬೇಟೆಗೆಂದು ಬಂದು ಬೀಡುಬಿಡುತ್ತಿದ್ದ ಈ ತಾಣದಲ್ಲಿ ಇಂದು ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಧಾಮವಿದೆ. ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದಷ್ಟು ಜನಸಂದಣಿ ಇಲ್ಲಿಲ್ಲ.

ಸ್ಥಳಕ್ಕೆ ಹೆಸರು ಬಂದುದು ಅರಸರಿಂದಲ್ಲ, ಸೋಲಿಗರ ದೈವದಿಂದ. ರಾಗಿ ಬೆಳೆ ಕೈಸೇರಿದ ಬಳಿಕ ಬರುವ ರೊಟ್ಟಿ ಹಬ್ಬದಲ್ಲಿ ಪೋಡುಗಳ ಜನರು ಇಲ್ಲಿ ಕಲೆತು ದೈವಕ್ಕೆ ರೊಟ್ಟಿ ಅರ್ಪಿಸುತ್ತಾರೆ. ಹೆಂಗಸರು, ಗಂಡಸರು ರಾತ್ರಿಯಿಡೀ ಹಾಡಿ ಕುಣಿಯುತ್ತಾರೆ. ಕಾಡಿನ ಮೃಗ, ಪಕ್ಷಿ, ಮರಗಳೇ ಹಾಡಿನ ವಸ್ತು. ಪಲ್ಲವಿಯಲ್ಲಿ ಮರುಕಳಿಸುವ 'ಗೊರುಕನ' ಎಂಬ ಪದವೇ ಕುಣಿತದ ಹೆಸರಾಗಿದೆ. ಉತ್ಸವಗಳ ವೇದಿಕೆಯಲ್ಲಿಯೂ ಪ್ರವಾಸಿಗರ ಮುಂದೆಯೂ ಪ್ರದರ್ಶಿತವಾಗುವುದು ಇದರ ತುಣುಕು ಮಾತ್ರ. ದೈವದ ಅಂಗಳದ ಇರುಳು ಅಲ್ಲಿ ದೊರೆಯದು.

1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಸೋಲಿಗರ ಬೇಟೆ ಹಾಗೂ ಕುಮರಿ ಬೇಸಾಯ ನಿಂತವು. ಹಲವು ಪೋಡುಗಳು ನೆಲೆ ಬದಲಿಸಬೇಕಾಯಿತು. ಅತಿಥಿಗಳಿಗೆ ತೆರೆದ ಕಾಡು ಮೂಲನಿವಾಸಿಗಳಿಗೆ ಮುಚ್ಚುತ್ತ ಬಂದುದು ವಿಪರ್ಯಾಸವೇ ಸರಿ. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂಬ ಘೋಷಣೆಯೂ ಹೊರಬಿತ್ತು. ಆದರೆ ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ 25 ಗ್ರಾಮಸಭೆಗಳಿಗೆ ಈ ಕಾಡಿನ ಮೇಲೆ ಸಮುದಾಯ ಹಕ್ಕು ದೊರೆಯಿತು.