ಬಾರ್ಬಿ ಕಪ್ಪಗಾಗೋಕೆ 21 ವರ್ಷ ಯಾಕೆ ಬೇಕಾಯ್ತು?



ಮೊನ್ನೆ ಬಾರ್ಬಿ ಗೊಂಬೆ ಬಗ್ಗೆ ಎರಡು ಸಾಲು ಹಾಕಿದ್ದೆ. "ಚಳವಳಿಯವರಿಗೆ ಗೊಂಬೆ ಯಾಕ್ರೀ, ಬೇರೆ ವಿಷಯ ಇಲ್ವಾ?" ಅಂತ ಕೆಲವರು ಕೇಳಿದ್ರು. ಅವರಿಗೆ ಉತ್ತರವಾಗಿ ಇದನ್ನ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಸಮಾಧಾನವಾಗಿ ಓದಿ.

ಬಾರ್ಬಿಯನ್ನ ಹುಟ್ಟಿಸಿದ್ದು ರೂತ್ ಹ್ಯಾಂಡ್ಲರ್ ಅನ್ನೋ ಹೆಣ್ಣುಮಗಳು. ಪೋಲೆಂಡಿನಿಂದ ಅಮೆರಿಕಕ್ಕೆ ವಲಸೆ ಬಂದ ಯಹೂದಿ ಕುಟುಂಬದ ಹತ್ತು ಮಕ್ಕಳಲ್ಲಿ ಕೊನೆಯವಳು. 1945ರಲ್ಲಿ ಗಂಡ ಎಲಿಯಟ್ ಮತ್ತು ಹೆರಾಲ್ಡ್ ಮ್ಯಾಟ್ಸನ್ ಜೊತೆ ಸೇರಿ ಮ್ಯಾಟೆಲ್ ಕಂಪನಿ ಶುರು ಮಾಡಿದಳು. ಆಗ ಹೆಣ್ಣುಮಕ್ಕಳಿಗೆ ಸಿಗ್ತಿದ್ದ ಗೊಂಬೆಗಳಲ್ಲಿ ಹೆಚ್ಚಿನವು ಹಸುಗೂಸಿನವು. ಅಂದ್ರೆ ಆಟ ಅಂದ್ರೂ ತಾಯಿಯಾಗೋ ತಾಲೀಮೇ. ರೂತಳ ಮಗಳು ಬಾರ್ಬರಾ ಮಾತ್ರ ಕಾಗದದ ದೊಡ್ಡ ಹೆಂಗಸರ ಗೊಂಬೆ ಇಟ್ಕೊಂಡು ಆಡೋಳು. ಅದನ್ನ ನೋಡಿಯೇ ರೂತ್‌ಗೆ ಈ ಯೋಚನೆ ಬಂದದ್ದು.

1956ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋದಾಗ ಅಂಗಡಿಯಲ್ಲಿ 'ಬಿಲ್ಡ್ ಲಿಲ್ಲಿ' ಅನ್ನೋ ಜರ್ಮನ್ ಗೊಂಬೆ ಕಣ್ಣಿಗೆ ಬಿತ್ತು. ಲಿಲ್ಲಿ ಜರ್ಮನ್ ಪತ್ರಿಕೆಯೊಂದರ ವ್ಯಂಗ್ಯಚಿತ್ರದ ಪಾತ್ರ. ಆ ಗೊಂಬೆಯನ್ನ ಮೊದಲು ಮಾರ್ತಿದ್ದದ್ದು ಗಂಡಸರಿಗೆ, ತಮಾಷೆಯ ಉಡುಗೊರೆಯಾಗಿ. ಅದೇ ಮಾದರಿ ಹಿಡಿದು ಮ್ಯಾಟೆಲ್ ಬಾರ್ಬಿಯನ್ನ ತಯಾರಿಸಿತು. 1964ರಲ್ಲಿ ಲಿಲ್ಲಿಯ ಹಕ್ಕುಗಳನ್ನೂ ಕೊಂಡುಕೊಂಡಿತು. 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಬಾರ್ಬಿ ಹೊರಬಂದಳು. ಬೆಲೆ 3 ಡಾಲರ್. ಮೊದಲ ವರ್ಷವೇ 3 ಲಕ್ಷಕ್ಕೂ ಹೆಚ್ಚು ಮಾರಾಟ. ಅವಳ ಪುಟ್ಟ ಪುಟ್ಟ ಬಟ್ಟೆಗಳನ್ನ ಹೊಲಿದವರು ಜಪಾನಿನಲ್ಲಿ ಮನೆಯಲ್ಲೇ ಕೂತು ಕೆಲಸ ಮಾಡ್ತಿದ್ದ ಬಡ ಹೆಂಗಸರು. ಅವರ ಹೆಸರು ಯಾವ ಡಬ್ಬಿ ಮೇಲೂ ಇರಲಿಲ್ಲ.

ಬಾರ್ಬಿಯಿಂದ ಒಳ್ಳೇದೇನೂ ಆಗಿಲ್ಲ ಅಂತ ನಾನು ಹೇಳಲ್ಲ. 1962ರಲ್ಲಿ ಅವಳಿಗೆ ಸ್ವಂತ ಮನೆ ಬಂತು, 1965ರಲ್ಲಿ ಗಗನಯಾತ್ರಿಯಾದಳು. ಸಾಲ ಕೊಡುವಾಗ ಹೆಣ್ಣು ಅಂತ ಭೇದ ಮಾಡಬಾರದು ಅನ್ನೋ ಕಾನೂನು ಅಮೆರಿಕದಲ್ಲಿ ಬಂದದ್ದೇ 1974ರಲ್ಲಿ. ಅದಕ್ಕೂ ಮೊದಲೇ, ಗಂಡನ ಹಂಗಿಲ್ಲದೆ ಬದುಕೋ ಹೆಣ್ಣಿನ ಚಿತ್ರವನ್ನ ಈ ಗೊಂಬೆ ಮಕ್ಕಳ ಕೈಗೆ ಕೊಟ್ಟಿತ್ತು. ಇದನ್ನ ಒಪ್ಪಿಕೊಳ್ಳೋಣ. ಆದರೆ ಆ ಹೆಣ್ಣು ಬಿಳಿ ಹೆಣ್ಣು. ಸಪೂರ ಸೊಂಟದ, ಬಡತನ ಗೊತ್ತಿಲ್ಲದ ಹೆಣ್ಣು. ಇವಳೇ 'ಹೆಣ್ಣು', ಉಳಿದವರೆಲ್ಲ ಇವಳ ಹಾಗೆ ಆಗೋಕೆ ಒದ್ದಾಡಬೇಕಾದವರು.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಬಾರ್ಬಿ ಹುಟ್ಟೋದಕ್ಕೂ ಮೊದಲೇ, ಮೇಮಿ ಕ್ಲಾರ್ಕ್ ಮತ್ತು ಕೆನೆತ್ ಕ್ಲಾರ್ಕ್ ಅನ್ನೋ ಕಪ್ಪು ಮನಶ್ಶಾಸ್ತ್ರಜ್ಞ ದಂಪತಿ ಒಂದು ಪ್ರಯೋಗ ಮಾಡಿದ್ರು. 3ರಿಂದ 7 ವರ್ಷದ 253 ಕಪ್ಪು ಮಕ್ಕಳ ಮುಂದೆ ಗೊಂಬೆಗಳನ್ನ ಇಟ್ರು. ಎಲ್ಲವೂ ಒಂದೇ ಥರ, ಬಣ್ಣ ಮಾತ್ರ ಬೇರೆ. ಆಡೋಕೆ ಯಾವುದು ಬೇಕು? ಒಳ್ಳೆ ಗೊಂಬೆ ಯಾವುದು? ಕೆಟ್ಟದ್ದು ಯಾವುದು? ಹೆಚ್ಚಿನ ಮಕ್ಕಳು ಬಿಳಿ ಗೊಂಬೆಯೇ ಒಳ್ಳೇದು ಅಂದ್ರು, ಕಂದು ಬಣ್ಣದ್ದು ಕೆಟ್ಟದ್ದು ಅಂದ್ರು. ಕೊನೆಯಲ್ಲಿ "ನಿನ್ನ ಹಾಗೆ ಇರೋದು ಯಾವುದು?" ಅಂತ ಕೇಳಿದಾಗ ಕೆಲವು ಮಕ್ಕಳು ಅತ್ತೇ ಬಿಟ್ರು. ಶಾಲೆಗಳಲ್ಲಿನ ವರ್ಣಬೇಧವನ್ನ ಸಂವಿಧಾನಬಾಹಿರ ಅಂದ 1954ರ ಬ್ರೌನ್ ತೀರ್ಪು ಬಂದಾಗ ಅಮೆರಿಕದ ಸುಪ್ರೀಂ ಕೋರ್ಟ್ ಕೆನೆತ್ ಕ್ಲಾರ್ಕರ ಬರಹವನ್ನೂ ಉಲ್ಲೇಖಿಸಿತು. ಗೊಂಬೆ ಕೋರ್ಟಿನ ಮೆಟ್ಟಿಲು ಹತ್ತಿದ್ದು ಹೀಗೆ. ಇದಾದ ಐದು ವರ್ಷಕ್ಕೆ ಬಂದ ಬಾರ್ಬಿ ಬಿಳಿಯಾಗೇ ಬಂದಳು ನೋಡಿ.

1967ರಲ್ಲಿ ಮ್ಯಾಟೆಲ್ 'ಕಲರ್ಡ್ ಫ್ರಾನ್ಸಿ' ಅಂತ ಒಂದು ಗೊಂಬೆ ತಂತು. ಬಿಳಿ ಗೊಂಬೆಯ ಅಚ್ಚಿಗೇ ಕಂದು ಬಣ್ಣ ಹಾಕಿದ್ರು ಅಷ್ಟೇ. ಮೂಗು, ತುಟಿ ಎಲ್ಲ ಬಿಳಿಯರದ್ದೇ. 1968ರಲ್ಲಿ ಕ್ರಿಸ್ಟಿ ಬಂದಳು, ಬಾರ್ಬಿಯ ಕಪ್ಪು ಗೆಳತಿಯಾಗಿ. ಬಾರ್ಬಿ ಅನ್ನೋ ಹೆಸರು ಅವಳಿಗೆ ಸಿಗಲಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು ಅದೇ 1968ರ ಇನ್ನೊಂದು ಕತೆ. 1965ರಲ್ಲಿ ಲಾಸ್ ಏಂಜಲೀಸಿನ ವಾಟ್ಸ್‌ನಲ್ಲಿ ಕಪ್ಪು ಜನ ದಂಗೆ ಎದ್ದರು, 34 ಜನ ಸತ್ತರು. ಆ ಬೂದಿಯ ಮೇಲೆ ಲೂ ಸ್ಮಿತ್ ಮತ್ತು ರಾಬರ್ಟ್ ಹಾಲ್ ಅನ್ನೋ ಹೋರಾಟಗಾರರು 'ಆಪರೇಷನ್ ಬೂಟ್‌ಸ್ಟ್ರಾಪ್' ಸಂಘಟನೆ ಕಟ್ಟಿದರು. ಅದರಿಂದ ಹುಟ್ಟಿದ್ದು ಶಿಂದಾನಾ ಆಟಿಕೆ ಕಂಪನಿ. ಮ್ಯಾಟೆಲ್ ಬಂಡವಾಳ, ತರಬೇತಿ ಕೊಟ್ಟು ಸಹಾಯ ಮಾಡಿತು, ಆದರೆ ಒಡೆತನ ಕಪ್ಪು ಜನರದ್ದೇ. ಅವರ ಮೊದಲ ಗೊಂಬೆ 'ಬೇಬಿ ನ್ಯಾನ್ಸಿ'. ಅವಳ ಮೂಗು, ತುಟಿ, ಕೆನ್ನೆ ಎಲ್ಲ ಕಪ್ಪು ಮಗುವಿನದ್ದೇ. 1983ರಲ್ಲಿ ಶಿಂದಾನಾ ಮುಚ್ಚಿತು. 2020ರಲ್ಲಿ ಬೇಬಿ ನ್ಯಾನ್ಸಿಗೆ ಅಮೆರಿಕದ ರಾಷ್ಟ್ರೀಯ ಆಟಿಕೆ ಗೌರವಪಟ್ಟಿಯಲ್ಲಿ ಜಾಗ ಸಿಕ್ತು.

ಮ್ಯಾಟೆಲ್ ಒಳಗೂ ಒತ್ತಡ ಇತ್ತು. 1955ರಿಂದಲೇ ಅಲ್ಲಿ ದುಡಿಯುತ್ತಿದ್ದ ಬ್ಯೂಲಾ ಮೇ ಮಿಚೆಲ್ ಥರದ ಕಪ್ಪು ಹೆಣ್ಣುಮಕ್ಕಳು "ನಮ್ಮ ಹಾಗೆ ಕಾಣೋ ಗೊಂಬೆ ಯಾಕಿಲ್ಲ?" ಅಂತ ಕೇಳ್ತಾನೇ ಇದ್ದರು. ಕೊನೆಗೆ 1980ರಲ್ಲಿ ಕಿಟ್ಟಿ ಬ್ಲ್ಯಾಕ್ ಪರ್ಕಿನ್ಸ್ ಅನ್ನೋ ಕಪ್ಪು ವಿನ್ಯಾಸಗಾರ್ತಿ ಕೆಂಪು ಬಟ್ಟೆ ತೊಟ್ಟ, ಗುಂಗುರು ಗಿಡ್ಡ ಕೂದಲಿನ ಗೊಂಬೆ ಮಾಡಿದಳು. 'ಬಾರ್ಬಿ' ಅನ್ನೋ ಹೆಸರೇ ಹೊತ್ತ ಮೊದಲ ಕಪ್ಪು ಗೊಂಬೆ ಅದು. ಗೆಳತಿಯಲ್ಲ, ಅವಳೇ ಬಾರ್ಬಿ. ಕಂಪನಿಗೆ ತಾನಾಗೇ ಜ್ಞಾನೋದಯ ಆಗಿದ್ದಲ್ಲ ಇದು. ಕೇಳೋರು ಇದ್ದರು, ಹೊರಗೆ ಕಟ್ಟಿ ತೋರಿಸಿದೋರು ಇದ್ದರು, ಒಳಗೆ ವಿನ್ಯಾಸ ಮಾಡೋ ಕುರ್ಚಿಯಲ್ಲಿ ನಮ್ಮಂಥವಳೊಬ್ಬಳು ಕೂತಿದ್ದಳು. ದಪ್ಪ, ಎತ್ತರ, ಕುಳ್ಳು ದೇಹದ ಬಾರ್ಬಿಗಳು ಬರೋಕೆ 2016 ಆಗಬೇಕಾಯ್ತು.

ಸರಿ, ನಮಗೂ ಇದಕ್ಕೂ ಏನು ಸಂಬಂಧ? 1946ರಲ್ಲೇ ಬಾಬಾಸಾಹೇಬರು ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. 1972ರ ದಲಿತ್ ಪ್ಯಾಂಥರ್ಸ್ ಹೆಸರು ಎಲ್ಲಿಂದ ಬಂತು ಅಂತ ನಿಮಗೇ ಗೊತ್ತು. ಆ ಜನರ ಹೋರಾಟದಿಂದ ನಾವು ಮೊದಲಿಂದಲೂ ಕಲಿತಾ ಬಂದಿದ್ದೀವಿ. ಹಾಗಂತ ಅದನ್ನ ಹಾಗೇ ತಂದು ಅಂಟಿಸೋಕಾಗಲ್ಲ. ಜಾತಿ ಅಂದ್ರೆ ಬಣ್ಣ ಅಲ್ಲ. ನಮ್ಮಲ್ಲೂ ಬೆಳ್ಳಗಿರೋರು ಇದ್ದಾರೆ, ಮೇಲ್ಜಾತಿಯಲ್ಲೂ ಕಪ್ಪಗಿರೋರು ಇದ್ದಾರೆ. ಸೀರೆ ಉಡಿಸಿ, ಒಡವೆ ಹಾಕಿ ಬಾರ್ಬಿಯನ್ನ ಭಾರತಕ್ಕೂ ತಂದರಲ್ಲ, ಅವಳನ್ನ ಸ್ವಲ್ಪ ಕಪ್ಪು ಮಾಡಿದ್ರೆ ನಮ್ಮ ಸಮಸ್ಯೆ ಮುಗಿಯಲ್ಲ.

ನಮ್ಮ ಮಕ್ಕಳಿಗೆ ಗೊಂಬೆ ಪರೀಕ್ಷೆ ಬೇರೆ ಥರ ನಡೆಯುತ್ತೆ. ನಾನು ಕೇರಿಯ ಮಕ್ಕಳಿಗೆ ರಜಾ ಶಿಬಿರ ಮಾಡುವಾಗ "ನಿಮ್ಮ ಮನೆ ಚಿತ್ರ ಬರೀರಿ" ಅಂತ ಹೇಳಿದ್ದೆ. ಹೆಚ್ಚಿನ ಮಕ್ಕಳು ಬರೆದದ್ದು ಹೆಂಚಿನ ಮಾಡು, ಅಂಗಳದ ರಂಗೋಲಿ, ತುಳಸಿಕಟ್ಟೆ ಇರೋ ಮನೆ. ಆ ಕೇರಿಯಲ್ಲಿ ತುಳಸಿಕಟ್ಟೆ ಇರೋ ಮನೆ ಒಂದೂ ಇರಲಿಲ್ಲ. ಪಠ್ಯದಲ್ಲಿ, ಗೋಡೆಯಲ್ಲಿ ಕಂಡದ್ದನ್ನೇ ಅವರು 'ಮನೆ' ಅಂದುಕೊಂಡಿದ್ದರು. ಒಬ್ಬ ಹುಡುಗಿ ತನ್ನ ಶೀಟ್ ಮನೆ ಬರೆದು, ನನಗೆ ತೋರಿಸದೆ ಹಾಳೆ ಮಡಚಿಟ್ಟಳು. ಕ್ಲಾರ್ಕ್ ದಂಪತಿ ಕಂಡದ್ದನ್ನೇ ನಾನು ಅವತ್ತು ಕಂಡೆ.

ಅದಕ್ಕೇ ಒಂದು ಕೆಲಸ ಹೇಳ್ತೀನಿ. ನಿಮ್ಮೂರಿನ ಅಂಗನವಾಡಿಗೆ ಹೋಗಿ. ಗೋಡೆ ಮೇಲಿನ ಚಿತ್ರದಲ್ಲಿ ಯಾರ ಮನೆ ಇದೆ, ಯಾರ ಊಟ ಇದೆ, ಯಾರ ದೇವರಿದೆ ನೋಡಿ. ಏನು ಕಂಡಿತು ಅಂತ ಕಮೆಂಟಲ್ಲಿ ಬರೀರಿ. ಚಿತ್ರ ಬರೆಯೋ ಗೆಳೆಯರು ಇದ್ದರೆ ಹೇಳಿ, ಒಂದು ಗೋಡೆಯಿಂದ ಶುರು ಮಾಡೋಣ. ಬ್ಯೂಲಾ ಮೇ ಥರ ಕೇಳೋದೂ ಬೇಕು, ಶಿಂದಾನಾದವರ ಥರ ಕಟ್ಟೋದೂ ಬೇಕು.

ಜೈ ಭೀಮ್.