ಗಣಕಯಂತ್ರದ ಕಾರ್ಯವಿಧಾನ ತಿಳಿಸುವ ಪ್ರದರ್ಶಿಕೆ: ವಿನ್ಯಾಸ ಮಾಹಿತಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ಜಗಳೂರು ಹಾಗೂ ಹಿಂದೆ ಹೊನ್ನಾಳಿಗೆ ಸೇರಿದ್ದ ನ್ಯಾಮತಿ ತಾಲ್ಲೂಕುಗಳ ಪ್ರೌಢಶಾಲೆಗಳು ವಿಜ್ಞಾನ ವಸ್ತುಪ್ರದರ್ಶನಗಳಿಗೆ ಸಿದ್ಧತೆ ಮಾಡಿಕೊಳ್ಳುವಾಗ ಉಪಯೋಗವಾಗಲೆಂದು ಈ ಮಾಹಿತಿಯನ್ನು ನೀಡಲಾಗಿದೆ.

ಸಂದರ್ಶಕರು ತಾವೇ ಕೈಯಿಂದ ಮಾಡಿ ನೋಡುವ ಪದ್ಧತಿ ನಾಡಿಗೆ ಹೊಸತಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಕಟ್ಟಡವನ್ನು 1962ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದರು. 1965ರಲ್ಲಿ ಅಲ್ಲಿನ ಮೊದಲ ವಿಭಾಗವಾದ ವಿದ್ಯುತ್ ವಿಭಾಗವು ಸಾರ್ವಜನಿಕರಿಗೆ ತೆರೆಯಿತು. ಅಮೆರಿಕದ ಬಾಸ್ಟನ್ ನಗರದ ಕಂಪ್ಯೂಟರ್ ವಸ್ತುಸಂಗ್ರಹಾಲಯದಲ್ಲಿ 1990ರಲ್ಲಿ ಒಳಹೊಕ್ಕು ನಡೆದಾಡಬಹುದಾದ ಬೃಹತ್ ಗಣಕಯಂತ್ರದ ಮಾದರಿಯನ್ನೇ ನಿರ್ಮಿಸಲಾಗಿತ್ತು. ತಾಲ್ಲೂಕು ಮಟ್ಟದಲ್ಲಿ ಅಷ್ಟು ವೆಚ್ಚದ ಅಗತ್ಯವಿಲ್ಲ.

ಮೊದಲು ತಕ್ಕಡಿಯಿಂದ ಆರಂಭಿಸುವುದು ಸೂಕ್ತ. 100, 200, 400, 800 ಮತ್ತು 1600 ಗ್ರಾಂ ತೂಕದ ಐದು ಮರಳಿನ ಚೀಲಗಳನ್ನು ಹೊಲಿಸತಕ್ಕದ್ದು. ಅಂಗಡಿಯ ಬಟ್ಟುಗಳು 1, 2, 5ರ ಕ್ರಮದಲ್ಲಿರುವುದರಿಂದ ಇಲ್ಲಿ ಒದಗುವುದಿಲ್ಲ. ಈ ಐದರಿಂದ 100 ಗ್ರಾಂನಿಂದ 3100 ಗ್ರಾಂವರೆಗೆ ನೂರರ ಪ್ರತಿಯೊಂದು ತೂಕವನ್ನೂ ತೂಗಬಹುದು. 1300 ಗ್ರಾಂ ಅಡಿಕೆಗೆ 800, 400 ಮತ್ತು 100ರ ಚೀಲಗಳು ಬೇಕಾಗುತ್ತವೆ. ಇಟ್ಟ ಚೀಲಕ್ಕೆ 1, ಇಡದ ಚೀಲಕ್ಕೆ 0 ಎಂದು ದೊಡ್ಡದರಿಂದ ಬರೆದರೆ 01101 ಆಗುತ್ತದೆ. ಗಣಕಯಂತ್ರವು ಸಂಖ್ಯೆಗಳನ್ನು ಇರಿಸಿಕೊಳ್ಳುವ ದ್ವಿಮಾನ ಪದ್ಧತಿ ಇದೇ ಆಗಿರುತ್ತದೆ.

ಎರಡನೆಯದು ಕೂಡುವ ಹಲಗೆ. ಮನೆಯ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ ಇರುವುದನ್ನು ಎಲ್ಲರೂ ಕಂಡಿರುತ್ತಾರೆ. ಅದೇ ಜೋಡಣೆಯಲ್ಲಿ ಎರಡರ ಪೈಕಿ ಒಂದನ್ನು ಮಾತ್ರ ಒತ್ತಿದಾಗ ದೀಪ ಉರಿಯುವಂತೆ ಮಾಡಬಹುದು. ಎರಡನ್ನೂ ಒತ್ತಿದರೆ ಆರುತ್ತದೆ. ಇದು ಮೊತ್ತದ ದೀಪ. ಇನ್ನೊಂದು ದೀಪವು ಎರಡೂ ಸ್ವಿಚ್ ಒತ್ತಿದಾಗ ಮಾತ್ರ ಉರಿಯಬೇಕು. ಇದು ದಶಕದ ದೀಪ. ಲೆಕ್ಕದಲ್ಲಿ ಕೈಯಲ್ಲಿ ಉಳಿಯುವ ಒಂದು. ಇದಕ್ಕಾಗಿ ಪ್ರತಿ ಹಿಡಿಕೆಯೂ ಏಕಕಾಲಕ್ಕೆ ಎರಡು ಸ್ವಿಚ್‌ಗಳನ್ನು ತಿರುಗಿಸುವಂತಿರಬೇಕು. ತಂತಿಗಳನ್ನು ಹಲಗೆಯ ಹಿಂದೆ ಮುಚ್ಚಿಡದೆ ಪಾರದರ್ಶಕ ಫಲಕದಡಿ ಕಾಣುವಂತೆ ಇಡತಕ್ಕದ್ದು. ಮುಚ್ಚಿಟ್ಟಲ್ಲಿ ಅದು ಕೇವಲ ದೀಪದ ಆಟವಾಗಿ ಉಳಿಯುತ್ತದೆ.

ಮೂರನೆಯ ಭಾಗವು ಮಕ್ಕಳನ್ನು ಹೆಚ್ಚು ಆಕರ್ಷಿಸಬಲ್ಲದು. ಯೂನಿಕೋಡ್ ಪದ್ಧತಿಯಲ್ಲಿ ‘ಕ’ ಅಕ್ಷರದ ಸಂಖ್ಯೆ 3221, ದ್ವಿಮಾನದಲ್ಲಿ 110010010101. ಹನ್ನೆರಡು ಸ್ವಿಚ್‌ಗಳನ್ನು ಹೀಗೆ ಇಟ್ಟಾಗ ಪರದೆಯ ಮೇಲೆ ‘ಕ’ ಮೂಡಬೇಕು. ಕೊನೆಯ ಎರಡನ್ನು ಮಾತ್ರ ಅದಲುಬದಲು ಮಾಡಿದರೆ 3222, ಅಂದರೆ ‘ಖ’ ಬರುತ್ತದೆ. ತಮ್ಮ ಹೆಸರಿನ ಮೊದಲ ಅಕ್ಷರವನ್ನು ಮೂಡಿಸುವಂತೆ ವಿದ್ಯಾರ್ಥಿಗಳಿಗೆ ತಿಳಿಸಬಹುದು. ಗಣಕಯಂತ್ರಕ್ಕೆ ಇಂಗ್ಲಿಷ್ ಮಾತ್ರ ಗೊತ್ತು ಎಂಬ ತಪ್ಪು ಕಲ್ಪನೆಯೂ ಇದರಿಂದ ದೂರವಾಗುತ್ತದೆ.

ದೀಪಗಳಿಗೆ ಮನೆಯ ವಿದ್ಯುತ್ ಸಂಪರ್ಕವನ್ನು ನೀಡಬಾರದು. 12 ವೋಲ್ಟ್ ಬ್ಯಾಟರಿ ಸಾಕು. ವಿದ್ಯುತ್ ಕಡಿತವಾದರೂ ತಕ್ಕಡಿ ಮತ್ತು ಕೂಡುವ ಹಲಗೆ ನಿಲ್ಲುವುದಿಲ್ಲ. ಎರಡು ಹಿಡಿಕೆಗಳನ್ನು ಹಲಗೆಯ ಎರಡು ಬದಿಗೆ ದೂರವಿಟ್ಟಲ್ಲಿ ಇಬ್ಬರು ವಿದ್ಯಾರ್ಥಿಗಳು ಕೂಡಿಯೇ ನಡೆಸಬೇಕಾಗುತ್ತದೆ. ಮುಂದೆ ನಿಂತ ಒಬ್ಬನೇ ಎಲ್ಲವನ್ನೂ ತಿರುಗಿಸುವುದು ತಪ್ಪುತ್ತದೆ. ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿಗೂ ಹಿಡಿಕೆ ಎಟುಕಬೇಕು. ಸ್ವಿಚ್‌ಗಳು ಬೇಗ ಸವೆಯುವುದರಿಂದ ಕನಿಷ್ಠ ನಾಲ್ಕು ಹೆಚ್ಚುವರಿ ಸ್ವಿಚ್‌ಗಳನ್ನು ಪೆಟ್ಟಿಗೆಯಲ್ಲಿಯೇ ಇರಿಸತಕ್ಕದ್ದು.