ಜಲಗಾರರ ಮರಿಗೆ

ಜಲಗಾರ ಅಂದರೆ ಬಹಳ ಮಂದಿಗೆ ಕುವೆಂಪು ನಾಟಕದ ಬೀದಿ ಗುಡಿಸುವವನು ನೆನಪಾಗುತ್ತಾನೆ. ಗದಗ ಸೀಮೆಯ ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದ ನನಗೆ ಜಲಗಾರನೆಂದರೆ ಬಂಗಾರ ತೊಳೆಯುವವನು. ಅಂಗಡಿಯ ಕಸ, ಅಗ್ಗಿಷ್ಟಿಕೆಯ ಬೂದಿಯನ್ನು ಅಪ್ಪ ವರ್ಷವಿಡೀ ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಜಲಗಾರ ಬಂದು ರೊಕ್ಕ ಎಣಿಸಿಕೊಟ್ಟು ಹೊತ್ತೊಯ್ಯುತ್ತಿದ್ದ. "ಕಸಾ ಅಲ್ಲ ಅದು, ತೊಳ್ಯಾಕ ಬಲ್ಲಾಂವಗ ಬಂಗಾರ" ಎನ್ನುತ್ತಿದ್ದರು ಅಪ್ಪ.

ಈ ಜಲಗಾರರ ಹಿಂದಿನವರು ತೊಳೆದದ್ದು ನಮ್ಮ ಸೀಮೆಯ ಕಪ್ಪತಗುಡ್ಡದ ಮರಳನ್ನು. ಡೋಣಿ, ಸೊರಟೂರಿನ ಹಳ್ಳಗಳಲ್ಲಿ ಜೋರು ಮಳೆ ಇಳಿದ ಮೇಲೆ ಅವರ ಸುಗ್ಗಿ. ಮರಳಿಗೆ ನೀರು ಹೊಯ್ದು ಹೊಯ್ದು ಹಗುರ ಮಣ್ಣು ಹರಿಯಬಿಟ್ಟು, ತಳದ ಕಪ್ಪು ಮರಳನ್ನು ಮರಿಗೆ ಎಂಬ ಮರದ ತಟ್ಟೆಯಲ್ಲಿ ಮೆಲ್ಲಗೆ ತಿರುವುತ್ತಿದ್ದರು. ಬಂಗಾರ ನೀರಿಗಿಂತ 19 ಪಟ್ಟು ಭಾರ, ಮರಳು ಎರಡೂವರೆ ಪಟ್ಟು. ಈ ಅಂತರವನ್ನು ಅಂಗೈ ಬಲ್ಲದು. ಕೋಲಾರದ ಮಾರಿಕುಪ್ಪಂನಲ್ಲಿ 1802ರಲ್ಲಿ ಬ್ರಿಟಿಷ್ ಅಧಿಕಾರಿ ಜಾನ್ ವಾರನ್ ಕಂಡದ್ದೂ ಇದೇ ವಿದ್ಯೆ: ಗಂಡಸರು ಅಗೆದ ಕಲ್ಲನ್ನು ಹೆಂಗಸರು ಕುಟ್ಟಿ ಹುಡಿ ಮಾಡಿ ತೊಳೆಯುತ್ತಿದ್ದರು.

ಈ ಕೆಲಸದಲ್ಲಿ ವಿಷ ಇರಲೇ ಇಲ್ಲ ಎನ್ನಲಾರೆ. ನಮ್ಮ ಬೂದಿಯ ಬಂಗಾರ ಹಿಡಿಯಲು ಜಲಗಾರ ಪಾದರಸ ಬೆರೆಸಿ, ಬಟ್ಟೆಯಲ್ಲಿ ಹಿಂಡಿ, ಕಾಸುತ್ತಿದ್ದ. ಆ ಹೊಗೆ ಅವನ ಎದೆಗೇ ಹೋಗುತ್ತಿತ್ತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಕಪ್ಪತಗುಡ್ಡವೂ ಸೇರಿದ ಡಂಬಳದ ಗುಡ್ಡಗಳ ಬಂಗಾರದ ಬಗ್ಗೆ ಬರೆದರು. ಹಳ್ಳದ ಮರಳು ತೊಳೆಸಲು ಅವರಿಗೆ ಬೇಕಾದವರು ಜಲಗಾರರೇ. 1887ರಲ್ಲಿ ಗ್ಲಾಸ್ಗೋದಲ್ಲಿ ಮೆಕಾರ್ಥರ್ ಮತ್ತು ಫಾರೆಸ್ಟ್ ಸೋದರರು ಸೈನೈಡ್ ವಿಧಾನ ಕಂಡುಹಿಡಿದರು. ಕಣ್ಣಿಗೆ ಕಾಣದ ಕಣವನ್ನೂ ಅದು ಕರಗಿಸಿ ತೆಗೆಯುತ್ತದೆ. ಟನ್ ಕಲ್ಲಿನಲ್ಲಿ ಕೆಲವೇ ಗ್ರಾಂ ಇದ್ದರೂ ಗುಡ್ಡ ಪುಡಿ ಮಾಡುವುದು ಲಾಭದಾಯಕವಾಯಿತು. ಈ ವಿಧಾನ ಬಳಸಿದ ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಗಿರಣಿ ಹೊರಚೆಲ್ಲಿದ ಮಣ್ಣಿನ ಸೈನೈಡ್ ದಿಬ್ಬಗಳು ಹಾಗೇ ನಿಂತಿವೆ, ಗಾಳಿ ಬೀಸಿದರೆ ಅವುಗಳ ದೂಳು ಊರಿಗೆ ನುಗ್ಗುತ್ತದೆ.

ಮರಿಗೆಗೆ ಕಣ್ಣಿಗೆ ಕಾಣದ ಆ ಸಣ್ಣ ಕಣ ದಕ್ಕುತ್ತಿರಲಿಲ್ಲ. ಮಳೆ ಸಡಿಲಿಸಿದಷ್ಟನ್ನೇ ಜಲಗಾರರು ತೆಗೆದುಕೊಂಡರು. ಮಿಕ್ಕದ್ದು ಗುಡ್ಡದಲ್ಲೇ ಉಳಿಯಿತು. ಗಣಿಗಾರಿಕೆ ಬೇಡವೆಂದು ನಮ್ಮ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ, 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು.

ಅಪ್ಪನ ಡಬ್ಬಿ ನನ್ನ ಬಳಿ ಇದೆ. ಕಸ ಕೂಡಿಡುತ್ತೇನೆ, ಕೊಳ್ಳಲು ಜಲಗಾರ ಬರುವುದು ನಿಂತು ಬಹಳ ವರ್ಷವಾಯಿತು.